ಪಾಮಿರ್ ಹೆದ್ದಾರಿ, ಸ್ವಂತ ಡ್ರೈವಿಂಗ್: ಓಶ್‌ನಿಂದ ಶುರು ಮಾಡೂದೋ, ದುಶಾಂಬೆಯಿಂದೋ?

ಖಾನಾಪುರ ರಸ್ತೆ (ಬೆಳಗಾವಿ)

ನಮಸ್ಕಾರ್ರಿ ಎಲ್ಲಾರಿಗೂ. ಬರೂ ಸೆಪ್ಟೆಂಬರ್‌ದಾಗ ನಾಲ್ಕು ಮಂದಿ ಗೆಳ್ಯಾರು ಕೂಡಿ ಪಾಮಿರ್ ಹೆದ್ದಾರಿ, ಅಂದ್ರ ಎಂ41, ನಾವ ಗಾಡಿ ಹೊಡಕೊಂಡು ದಾಟಬೇಕಂತ ಮಾಡೇವಿ. ಟೂರ್ ಪ್ಯಾಕೇಜ್ ಬ್ಯಾಡ, ಡ್ರೈವರೂ ಬ್ಯಾಡ. ಕಿರ್ಗಿಸ್ತಾನದ ಓಶ್‌ನ್ಯಾಗ ಫೋರ್ ಬೈ ಫೋರ್ ಬಾಡಿಗಿಗೆ ತಗೊಂಡು ಸರಿ-ತಾಶ್, ಕರಾಕುಲ್, ಮುರ್ಗಾಬ್, ಖೋರೊಗ್ ಮಾಡಿ ತಾಜಿಕಿಸ್ತಾನದ ದುಶಾಂಬೆದಾಗ ಬಿಡೂದು ಅಂತ ಸದ್ಯದ ಲೆಕ್ಕ. ರಜೆ ಎಲ್ಲಾ ಸೇರಿ ಮೂರು ವಾರ. ಚೋರ್ಲಾ, ಅಂಬೋಲಿ ಘಾಟ್ ಎಲ್ಲಾರಿಗೂ ರೂಢಿ ಐತಿ. 3,000 ಮೀಟರ್ ಮ್ಯಾಲ ಯಾರೂ ಗಾಡಿ ಹೊಡದಿಲ್ಲ.

ಕೇಳೂದು ಇಷ್ಟು: ಈ ದಿಕ್ಕು ಸರಿ ಐತೇನು? ಪೆಟ್ರೋಲ್ ಎಷ್ಟು ಹಿಡಕೋಬೇಕು? ಬಾಡಿಗಿ ಗಾಡಿದಾಗ ಏನೇನು ನೋಡಿ ತಗೋಬೇಕು, ಏನೇನು ಸಾಮಾನು ನಾವ ಒಯ್ಯಬೇಕು? ಕಾಗದಪತ್ರ ಯಾವ್ಯಾವು? ಇಬ್ಬರು ಶುದ್ಧ ಸಸ್ಯಾಹಾರಿಗಳು ಅದಾರ, ಅವರ ಊಟದ್ದು ಹೆಂಗ? ತಿಳದವರು ಬಿಡಿಸಿ ಹೇಳ್ರಿ.

ಘಟಪ್ರಭಾ ದಂಡಿ (ಗೋಕಾಕ)

ಉಳಿದದ್ದು ಆಮ್ಯಾಲ, ಮೊದಲ ದಿಕ್ಕು ಬದಲಿ ಮಾಡ್ರಿ. ನಿಮ್ಮ ಪ್ಲ್ಯಾನಿನ್ಯಾಗ ದೊಡ್ಡ ತೊಡಕು ಅಲ್ಲೇ ಐತಿ.

ಬೆಳಗಾವಿ ಸುಮಾರು 750 ಮೀಟರ್ ಎತ್ತರದಾಗ ಐತಿ, ಓಶ್ 950ರ ಸುತ್ತ. ಓಶ್ ಬಿಟ್ಟು 185 ಕಿ.ಮೀ. ಹೋದ್ರ ಸರಿ-ತಾಶ್, ಎತ್ತರ 3,150 ಮೀಟರ್. ನಡುವ 3,615 ಮೀಟರಿನ ತಾಲ್ದಿಕ್ ಪಾಸ್ ದಾಟಬೇಕು. ರಸ್ತೆ ಡಾಂಬರು, ಛಲೋ ಐತಿ. ಹಿಂಗಾಗಿ ಅರ್ಧ ದಿನದಾಗ ಮುಟ್ಟತೀರಿ, ಮೈಗೆ ಮಾತ್ರ ಒಂದ ದಿನಕ್ಕ 2,200 ಮೀಟರ್ ಏರಿದಂಗ ಆಗ್ತೈತಿ. ಮರುದಿನ ಕಿಜಿಲ್-ಆರ್ಟ್ ಪಾಸ್ (ಸುಮಾರು 4,280) ದಾಟಿ ಕರಾಕುಲ್ ಸರೋವರದ ದಂಡಿಗೆ 3,900 ಮೀಟರಿನ ಮ್ಯಾಲ ಮಲಗತೀರಿ. ಅದರ ಮರುದಿನ ಅಕ್-ಬೈತಾಲ್, 4,655 ಮೀಟರ್. 3,000 ಮೀಟರ್ ದಾಟಿದ ಮ್ಯಾಲ ಮಲಗೂ ಜಾಗಾದ ಎತ್ತರ ದಿನಕ್ಕ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಅದ ಎತ್ತರದಾಗ ಇನ್ನೊಂದು ರಾತ್ರಿ ಇರಬೇಕು ಅಂತ ಪರ್ವತ ವೈದ್ಯರ ನಿಯಮ. ನಿಮ್ಮ ಪ್ಲ್ಯಾನ್ ಈ ನಿಯಮ ಎರಡನೇ ರಾತ್ರಿನ ಮುರೀತೈತಿ.

ಇದಕ್ಕಿಂತ ಘಾತಕ ಮಾತು ಒಂದೈತಿ. ಎತ್ತರದ ಜಡ್ಡಿಗೆ ಖಾತ್ರಿ ಔಷಧ ಒಂದ, ಕೆಳಗ ಇಳಿಯೂದು. ಪೂರ್ವ ಪಾಮಿರ್ ಒಂದು ದೊಡ್ಡ ಪ್ರಸ್ಥಭೂಮಿ. ಮುರ್ಗಾಬ್ (3,600) ಒಳಗಿದ್ದಾಗ ಯಾರಿಗರ ಜೋರಾದ್ರ ಉತ್ತರಕ್ಕ ಇಳೀಬೇಕಂದ್ರ ಮೊದಲ 4,655 ಮೀಟರ್ ಏರಬೇಕು. ಪಶ್ಚಿಮಕ್ಕ ಖೋರೊಗ್ ಕಡೆ ಹೋಗಬೇಕಂದ್ರ 4,272 ಮೀಟರಿನ ಕೊಯ್-ತೆಜೆಕ್ ದಾಟಿ ಸುಮಾರು 310 ಕಿ.ಮೀ. ಹೋಗಬೇಕು. ಕರಾಕುಲ್‌ದಾಗ ರಾತ್ರಿ ಆದ್ರ ಗಡಿ ಬಾಗಿಲಾ ಹಾಕಿರ್ತೈತಿ. ಅಂದ್ರ ಇಳಿಯೂ ಹಾದಿ ಮೊದಲ ಏರ್ತೈತಿ. ಮನಾಲಿ–ಲೇಹ್ ರಸ್ತೆದಾಗ ಸರ್ಚು, ಪಾಂಗ್ ನಡುವಿನ ಪಟ್ಟಿಗೂ ಇದ ಗುಣ ಐತಿ, ಅಲ್ಲೂ ಮಂದಿ ಹಿಂಗ ಸಿಗಬೀಳತಾರ. ಹಿಂಗಾಗಿ ಪ್ರಸ್ಥಭೂಮಿ ಹತ್ತೂಕಿಂತ ಮೊದಲ ಮೈ ಒಗ್ಗಿರಬೇಕು.

ದುಶಾಂಬೆ (800) ಕಡೆಯಿಂದ ಬಂದ್ರ ಕಲೈ-ಖುಂಬ್ ಸುಮಾರು 1,200, ಖೋರೊಗ್ 2,100. ಖೋರೊಗ್‌ನಿಂದ ಸೀದಾ ಎಂ41 ಹಿಡೀಬ್ಯಾಡ್ರಿ. ದಕ್ಷಿಣಕ್ಕ ವಾಖಾನ್ ಕಣಿವಿಗೆ ತಿರುಗ್ರಿ: ಇಶ್ಕಾಶಿಮ್ 2,500, ಲಂಗರ್ 2,850ರ ಸುತ್ತ. ಪಂಜ್ ನದಿಯ ಆ ದಂಡಿ ಅಫ್ಘಾನಿಸ್ತಾನ, ಹಿಂದೂಕುಶ್ ಸಾಲು ಎದುರಿಗೇ ಕಾಣ್ತೈತಿ. ಲಂಗರ್‌ದಾಗ ಎರಡು ರಾತ್ರಿ ಇರ್ರಿ. ಊರ ಮ್ಯಾಲಿನ ಗುಡ್ಡದಾಗ ಹಳೇ ಬಂಡೆ ಚಿತ್ರ ಅದಾವು, ಹಗಲು ಅಲ್ಲಿ ಮಟ ನಡಕೊಂಡು ಏರಿ ರಾತ್ರಿ ಕೆಳಗ ಬಂದು ಮಲಗ್ರಿ. ಮುಂದ ಖರ್ಗುಶ್ ಪಾಸ್ (4,344) ದಾಟಿ ಬುಲುನ್‌ಕುಲ್ ಅಥವಾ ಅಲಿಚುರ್. ಇಲ್ಲೂ ಜಿಗಿತ 900 ಮೀಟರಿನ ಸುತ್ತ ಆಗ್ತೈತಿ, ಅದಕ್ಕ ಲಂಗರ್‌ದ ಎರಡನೇ ರಾತ್ರಿ ಬಿಡಬ್ಯಾಡ್ರಿ. ಆಮ್ಯಾಲ ಮುರ್ಗಾಬ್, ಕರಾಕುಲ್, ಸರಿ-ತಾಶ್, ಓಶ್. ದುಶಾಂಬೆಯಿಂದ ಓಶ್ ಎಂ41 ಸೀದಾ ಸುಮಾರು 1,250 ಕಿ.ಮೀ. ಮೂರು ವಾರದಾಗ ವಾಖಾನ್ ಸೇರಿಸಿ ಆರಾಮ ಆಗ್ತೈತಿ. ದಿನಕ್ಕ 150 ಕಿ.ಮೀ. ಮ್ಯಾಲ ಲೆಕ್ಕ ಹಾಕಬ್ಯಾಡ್ರಿ. ಕಲೈ-ಖುಂಬ್, ರುಶಾನ್ ನಡುವ ರಸ್ತೆ ಕೆಲಸ ನಡೆದಾಗ ತಾಸುಗಟ್ಟಲೆ ಗಾಡಿ ನಿಲ್ಲಸ್ತಾರ.

ಸೆಪ್ಟೆಂಬರ್ ಆರಿಸಿದ್ದು ಛಲೋ ಆತು. ಜುಲೈ, ಆಗಸ್ಟ್‌ದಾಗ ಹಿಮ ಕರಗಿ ಹಳ್ಳ ತುಂಬ್ತಾವು, ವಾಖಾನ್‌ದಾಗ ರಸ್ತೆ ಕೊಚ್ಚಿ ಹೋಗ್ತೈತಿ. ಸೆಪ್ಟೆಂಬರ್‌ದಾಗ ನೀರು ಇಳದಿರ್ತೈತಿ. ಆದ್ರ ಮುರ್ಗಾಬ್ ಕಡೆ ರಾತ್ರಿ ಸೊನ್ನೆಗಿಂತ ಕೆಳಗ ಹೋಗ್ತೈತಿ.

ಖಾನಾಪುರ ರಸ್ತೆ

ಇಳಿಯೂ ಹಾದಿ ಮೊದಲ ಏರ್ತೈತಿ ಅನ್ನೂದು ತಲ್ಯಾಗ ಬಂದಿದ್ದಿಲ್ರಿ. ಓಶ್‌ನ್ಯಾಗ ಬಾಡಿಗಿ ಗಾಡಿ ಹೆಚ್ಚು ಸಿಗ್ತಾವು ಅಂತ ಅಲ್ಲಿಂದ ಹಿಡದಿದ್ವಿ. ದುಶಾಂಬೆದಾಗ ಗಾಡಿ ಸಿಗದಿದ್ರ?

ಘಟಪ್ರಭಾ ದಂಡಿ (ಗೋಕಾಕ)

ಸಿಗದಿದ್ರ ಓಶ್‌ನಿಂದನ ಹೋಗ್ರಿ, ಆದ್ರ ಹಂತ ಹಂತ. ಮೊದಲನೇ ರಾತ್ರಿ ಗುಲ್ಚಾ (ಸುಮಾರು 1,500), ಆಮ್ಯಾಲ ಸರಿ-ತಾಶ್‌ದಾಗ ಮೂರು ರಾತ್ರಿ. ನಡುವಿನ ದಿನ ಖಾಲಿ ಕುಂಡ್ರಬ್ಯಾಡ್ರಿ, ತಾಲ್ದಿಕ್ ಮಟ ಹೋಗಿ ಬರ್ರಿ ಅಥವಾ ಅಲಾಯ್ ಕಣಿವಿದಾಗ ಸರಿ-ಮೊಗೊಲ್ ಕಡೆ ಹೋಗಿ ಲೆನಿನ್ ಶಿಖರ (7,134) ನೋಡಿ ಬರ್ರಿ. ಕರಾಕುಲ್‌ದಾಗ ಮಲಗಬ್ಯಾಡ್ರಿ. ಬೆಳಿಗ್ಗೆ ಲಗೂನ ಗಡಿ ದಾಟಿ ಸೀದಾ ಮುರ್ಗಾಬ್‌ಗೆ ಇಳೀರಿ, ಅದು 300 ಮೀಟರ್ ಕೆಳಗ ಐತಿ. ಈ ಹಾದಿ ನಡೀತೈತಿ, ಆದ್ರ ದಿನ ಹೆಚ್ಚು ತಿಂತೈತಿ.

ಉದ್ಯಮಬಾಗ ಪಾನಾ (ಬೆಳಗಾವಿ)

ಗಾಡಿ ವಿಷಯ ನಾ ಹೇಳ್ತೇನಿ.

ಪೆಟ್ರೋಲ್ ಮೊದಲ. ಖೋರೊಗ್‌ನಿಂದ ವಾಖಾನ್ ಮ್ಯಾಲೆ ಹಾಸಿ ಮುರ್ಗಾಬ್ ಸುಮಾರು 450 ಕಿ.ಮೀ. ಹಳೇ ಪಜೆರೋ, ಪ್ರಾಡೋ ಜಾತಿ ಪೆಟ್ರೋಲ್ ಗಾಡಿ ಖಡಿ ರಸ್ತೆದಾಗ, ಲೋ ಗೇರಿನ್ಯಾಗ 100 ಕಿ.ಮೀ.ಗೆ 16 ಲೀಟರ್ ಕುಡೀತೈತಿ ಅಂತ ಹಿಡೀರಿ. 72 ಲೀಟರ್ ಆತು. ಹಾದಿ ತಪ್ಪಿದ್ರ, ಹಿಂದ ಬರಬೇಕಾದ್ರ, ರಾತ್ರಿ ಹೀಟರ್ ಹಚ್ಚಿದ್ರ ಅಂತ ಕಾಲು ಪಾಲು ಕೂಡಿಸಿದ್ರ 90 ಲೀಟರ್. ಟ್ಯಾಂಕ್ 70 ಲೀಟರಿನದು ಇದ್ರ 20 ಲೀಟರಿನ ಒಂದು ಸ್ಟೀಲ್ ಕ್ಯಾನ್ ಬೇಕ ಬೇಕು. ಕ್ಯಾನ್ ಬಾಯಿ ಮಟ ತುಂಬಬ್ಯಾಡ್ರಿ, ಎರಡು ಬೆರಳು ಜಾಗಾ ಬಿಡ್ರಿ. ಎತ್ತರದಾಗ ಹೊರಗಿನ ಗಾಳಿ ಒತ್ತಡ ಕಡಿಮಿ ಆಗಿ ಕ್ಯಾನ್ ಉಬ್ಬತೈತಿ, ಮುಚ್ಚಳ ಒಮ್ಮೆಲೆ ತಗದ್ರ ಮುಖಕ್ಕ ಸಿಡೀತೈತಿ. ಗಾಡಿ ಒಳಗ ಇಡಬ್ಯಾಡ್ರಿ. ತುಂಬೂ ಹೊತ್ತಿನ್ಯಾಗ ನೆಲದ ಮ್ಯಾಲ ಇಟ್ಟು ತುಂಬ್ರಿ. ಇಶ್ಕಾಶಿಮ್‌ದಾಗ ಸಿಕ್ಕಷ್ಟು ಮತ್ತ ಹಾಕಸ್ರಿ.

ಮುರ್ಗಾಬ್‌ದಾಗ ಪೆಟ್ರೋಲ್ ಡಬ್ಬಿ, ಬಕೀಟಿನಿಂದ ಅಳದು ಹಾಕ್ತಾರ. ಜಾಳಿಗಿ ಇರೂ ಲಾಳಿಕಿ (ಫನಲ್) ನಿಮ್ಮದ ಇರಲಿ. ಸಾಧ್ಯ ಆದ್ರ ಒಂದು ಪಾರದರ್ಶಕ ಬಾಟ್ಲಿದಾಗ ಸ್ವಲ್ಪ ಹಿಡದು ಐದು ನಿಮಿಷ ಬಿಡ್ರಿ, ನೀರಿದ್ರ ತಳದಾಗ ಬ್ಯಾರೆ ಪದರ ನಿಲ್ತೈತಿ. ಆಕ್ಟೇನ್ (ಪೆಟ್ರೋಲಿನ ದರ್ಜೆ ತೋರಿಸೂ ಅಂಕಿ) ಕಡಿಮಿ ಇರೂ ಪೆಟ್ರೋಲ್ ಸಿಗಬಹುದು. ಎತ್ತರದಾಗ ಸಿಲಿಂಡರ್ ಒಳಗ ಹೋಗೂ ಗಾಳಿನ ಕಡಿಮಿ ಇರೂದರಿಂದ ಎಂಜಿನ್ ಬಡಕೊಳ್ಳೂದಿಲ್ಲ. ಅದ ಪೆಟ್ರೋಲ್ ಉಳಿಸ್ಕೊಂಡು ಓಶ್ ಕಡೆ ಇಳದಾಗ ಟಕ್ ಟಕ್ ಸಪ್ಪಳ ಶುರು ಆಗ್ತೈತಿ. ಆಗ ಎಕ್ಸಿಲೇಟರ್ ಹಗುರ ಒತ್ತಿ, ಗೇರ್ ಇಳಿಸಿ ಹೊಡೀರಿ. ಸರಿ-ತಾಶ್‌ದಾಗ ಛಲೋ ಪೆಟ್ರೋಲ್ ಸಿಕ್ಕ ಕೂಡಲೇ ಮೇಲೆ ತುಂಬಸ್ರಿ.

ಅಕ್-ಬೈತಾಲ್ ಮ್ಯಾಲ ಗಾಳಿ ಒತ್ತಡ ಸಮುದ್ರ ಮಟ್ಟದ್ದರ 56–57% ಅಷ್ಟ. ಟರ್ಬೋ ಇಲ್ಲದ ಎಂಜಿನ್ ಶಕ್ತಿ ಸುಮಾರು 40% ಕಳಕೊಳ್ತೈತಿ. ನಾಲ್ಕು ಮಂದಿ, ಸಾಮಾನು, ಕ್ಯಾನ್ ಹೇರಿದ ಗಾಡಿ ಎರಡನೇ ಗೇರಿನ್ಯಾಗೂ ಒದ್ದಾಡ್ತೈತಿ. ಅದು ದೋಷ ಅಲ್ಲ, ಅರ್ಧ ಕ್ಲಚ್ ಮ್ಯಾಲ ಎಳದು ಕ್ಲಚ್ ಪ್ಲೇಟ್ ಸುಡಬ್ಯಾಡ್ರಿ. ಲೋ ರೇಂಜ್ (ಫೋರ್ ಬೈ ಫೋರ್ ಗಾಡಿದಾಗ ನಿಧಾನ ಓಡಿ ಹೆಚ್ಚು ಎಳಿಯೂ ಗೇರ್) ಹಾಕ್ರಿ, ಹಗುರ ಏರ್ತೈತಿ. ಟೆಂಪರೇಚರ್ ಮುಳ್ಳು ಮ್ಯಾಲ ಹೋದ್ರ ಗಾಡಿ ಗಾಳಿಗೆ ಮುಖ ಮಾಡಿ ನಿಲ್ಲಿಸಿ, ಎಂಜಿನ್ ಚಾಲೂ ಬಿಟ್ಟು ಹೀಟರ್ ಫುಲ್ ಇಡ್ರಿ. ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬ್ಯಾಡ್ರಿ. ಆ ಎತ್ತರದಾಗ ನೀರು 85 ಡಿಗ್ರಿ ಸುತ್ತಲೇ ಕುದೀತೈತಿ, ಮುಚ್ಚಳದ ಒತ್ತಡ ಒಂದ ಅದನ್ನ ತಡದು ಹಿಡದಿರ್ತೈತಿ.

ರಸ್ತೆದಾಗ ಗಾಡಿ ಕೆಡಸೂದು ಹೊಂಡಕ್ಕಿಂತ ಹೆಚ್ಚು ಪತ್ರಾದ ಹಂಗ ಅಲೆ-ಅಲೆ ಆದ ಖಡಿ. ಗಂಟೆಗಟ್ಟಲೆ ಅದರ ಮ್ಯಾಲ ಓಡಿದ್ರ ಶಾಕ್ ಅಬ್ಸಾರ್ಬರ್ ಒಳಗಿನ ಎಣ್ಣಿ ಕಾದು, ನೊರಿ ಬಂದು ಹಿಡಿತ ಹೋಗ್ತೈತಿ. ಆಗ ಗಾಡಿ ಹಿಂದಿನ ಭಾಗ ಪಕ್ಕಕ್ಕ ಜಾರ್ತೈತಿ. ಟೈರಿನ ಗಾಳಿ 35 ಪಿಎಸ್‌ಐ ಇದ್ದದ್ದನ್ನ 26ರ ಸುತ್ತ ಇಳಿಸ್ರಿ, ಡಾಂಬರು ಬಂದಾಗ ಮತ್ತ ತುಂಬ್ರಿ. ಒಂದು ಗೊಂದಲ ಆಗ್ತೈತಿ ಇಲ್ಲಿ: ತಗ್ಗಿನ ಊರಾಗ ಗಾಳಿ ತುಂಬಿದ ಟೈರ್ 4,600 ಮೀಟರಿನ್ಯಾಗ ಗೇಜ್ ಹಚ್ಚಿದ್ರ 5 ಪಿಎಸ್‌ಐ ಹೆಚ್ಚು ತೋರಸ್ತೈತಿ, ಯಾಕಂದ್ರ ಹೊರಗಿನ ಒತ್ತಡ ಇಳದಿರ್ತೈತಿ. ಬೆಳಗಿನ ಥಂಡಿ ಅದರಾಗ ಒಂದೆರಡು ಕಳೀತೈತಿ. ಹಿಂಗಾಗಿ ದಿನಾ ಬೆಳಿಗ್ಗೆ, ಗಾಡಿ ಹೊರಡೂಕಿಂತ ಮೊದಲ, ಗೇಜ್ ನೋಡಿ ಅಲ್ಲೇ ಸರಿ ಮಾಡ್ರಿ. ಸಂಜಿಮುಂದ ರೂಫ್ ಕ್ಯಾರಿಯರ್, ಬ್ಯಾಟರಿ ಪಟ್ಟಿ, ಶಾಕಿನ ಬೋಲ್ಟ್, ನಂಬರ್ ಪ್ಲೇಟ್ ಎಲ್ಲಾ ಕೈಯಿಂದ ಅಲುಗಾಡಿಸಿ ನೋಡ್ರಿ. ಸಡ್ಲ ಆಗಿರ್ತಾವು.

ಗಾಡಿ ಕೈಗೆ ಬಂದಾಗ ಅಂಗಳದಾಗ ನಿಂತು ಮಾಡೂವು: ಲೋ ರೇಂಜ್ ಹಾಕಿ ಹತ್ತು ಮಾರು ಓಡಿಸಿ ನೋಡ್ರಿ, ಬರೇ ದೀಪ ಹತ್ತಿದ್ರ ಸಾಲೂದಿಲ್ಲ. ಜ್ಯಾಕ್ ಹಚ್ಚಿ ಒಂದು ಗಾಲಿ ಖರೇನ ಬಿಚ್ಚಿ ಹಾಕ್ರಿ. ವರ್ಷಗಟ್ಟಲೆ ಬಿಚ್ಚದ ನಟ್ ಮಶೀನಿನಿಂದ ಬಿಗದಿದ್ರ ಗಾಡಿ ಜೊತಿ ಕೊಟ್ಟ ಪಾನಾಕ್ಕ ಬಗ್ಗೂದಿಲ್ಲ, ಅದು ಮುರ್ಗಾಬ್‌ದಾಗ ಗೊತ್ತಾಗಬಾರದು. ಟೈರ್ ಮೈಮ್ಯಾಲ ನಾಲ್ಕು ಅಂಕಿ ಇರ್ತಾವು, 2319 ಅಂದ್ರ 2019ರ 23ನೇ ವಾರ. ಆರು ವರ್ಷ ಮೀರಿದ್ರ, ಗುಂಡಿ (ಟ್ರೆಡ್) ಎಷ್ಟ ಆಳ ಇರಲಿ, ಬ್ಯಾಡ ಅನ್ರಿ. ಸ್ಟೆಪ್ನಿ ಎರಡು ಕೇಳ್ರಿ. ಬ್ರೇಕ್ ಆಯಿಲ್ ಕಪ್ಪಾಗಿದ್ರ ಬದಲಿ ಮಾಡಸ್ರಿ. ಅದು ಗಾಳಿದಾಗಿನ ನೀರು ಹೀರ್ತೈತಿ. ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಹೊಸಾದು 230 ಡಿಗ್ರಿ ತಡೀತೈತಿ, ನೀರು ಹೀರಿದ್ದು 155ರ ಸುತ್ತ ಕುದ್ದು ಪೆಡಲ್ ಒಳಗ ಹೋಗ್ತೈತಿ. ಉದ್ದ ಇಳಿಜಾರಿನ್ಯಾಗ ಏರಲಿಕ್ಕೆ ಯಾವ ಗೇರ್ ಬೇಕೋ ಅದ ಗೇರಿನ್ಯಾಗ ಇಳೀಬೇಕು. ತಿಲಾರಿ ಘಾಟಿನ್ಯಾಗ ಗಾಡಿ ತುಂಬ ಭಾರ ಹಾಕಿ ಬ್ರೇಕ್ ಕಡಿಮಿ ಮುಟ್ಟಿ ಇಳಿಯೂದು ಈಗಿಂದನ ರೂಢಿ ಮಾಡ್ಕೋರಿ, ಅಷ್ಟ ಕಡಿದಾದ ಘಾಟ್ ನಮಗ ಹತ್ತಿರ ಬ್ಯಾರೆ ಇಲ್ಲ.

ಇಲ್ಲಿಂದ ಒಯ್ಯೂ ಸಾಮಾನು ಹೆಚ್ಚಿಲ್ಲ: ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಮತ್ತ ಹತ್ತು ಬತ್ತಿ, 12 ವೋಲ್ಟಿನ ಕಂಪ್ರೆಸರ್, ವಾಲ್ವ್ ಪಿನ್ನು ಮತ್ತ ಅದರ ಚಾವಿ, ಫ್ಯೂಸು, ಎಂ-ಸೀಲ್, ತಂತಿ, ಹೋಸ್ ಕ್ಲಿಪ್, ಹೆಡ್‌ಟಾರ್ಚ್, ಐದು ಟನ್ ಎಳಿಯೂ ಪಟ್ಟಿ. ಒಂದು ಬಟ್ಟೆ ಸೋಪು ಇಟ್ಕೋರಿ. ಕಲ್ಲು ಬಡದು ಪೆಟ್ರೋಲ್ ಟ್ಯಾಂಕ್ ಜಿನುಗಿದ್ರ ಒಣ ಸೋಪು ತಿಕ್ಕಿ ಸೀಳಿನ್ಯಾಗ ತುಂಬ್ರಿ, ಪೆಟ್ರೋಲ್‌ದಾಗ ಸೋಪು ಕರಗೂದಿಲ್ಲ. ಅದರ ಮ್ಯಾಲ ಎಂ-ಸೀಲ್ ಹಚ್ಚಿದ್ರ ಮುಂದಿನ ಊರು ಮುಟ್ಟಬಹುದು. ಫ್ಯಾನ್ ಬೆಲ್ಟ್, ಫ್ಯೂಯೆಲ್ ಫಿಲ್ಟರ್, ಕೂಲಂಟ್ ಗಾಡಿ ಮಾಡೆಲ್ ನೋಡಿ ಅಲ್ಲೇ ತಗೋರಿ.

ಹಳ್ಳ ದಾಟೂದು ಬೆಳಿಗ್ಗೆ. ಹಿಮದ ನೀರು ಮಧ್ಯಾಹ್ನದ ಮ್ಯಾಲ ಏರ್ತೈತಿ. ಮೊದಲ ಕೋಲು ಹಿಡದು ಒಬ್ಬರು ನಡದು ನೋಡಬೇಕು. ಲೋ ಫಸ್ಟ್, ನಡುವ ಗೇರ್ ಬದಲಿ ಇಲ್ಲ. ನೀರಾಗ ಎಂಜಿನ್ ಬಂದ್ ಬಿದ್ರ ಚಾವಿ ತಿರುವಬ್ಯಾಡ್ರಿ. ಸಿಲಿಂಡರ್‌ದಾಗ ನೀರು ಹೋಗಿದ್ರ ಕನೆಕ್ಟಿಂಗ್ ರಾಡ್ ಬಾಗ್ತೈತಿ. ಎಳದು ಹೊರಗ ತಂದು ಪ್ಲಗ್ ಬಿಚ್ಚಿ ನೀರು ಹೊರಹಾಕಿದ ಮ್ಯಾಲನ ಸ್ಟಾರ್ಟ್.

ಗುಮ್ಮಟದ ನೆರಳು (ವಿಜಯಪುರ)

ಕಾಗದದ ಮಾತು. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ನಿಮ್ಮ ಆರ್‌ಟಿಓದಾಗನ ಸಿಗ್ತದ, ಫಾರ್ಮ್ 4ಎ, ವ್ಯಾಲಿಡಿಟಿ ಒಂದು ವರ್ಷ. ಅದಕ್ಕಿಂತ ಮೊದಲ ನಿಮ್ಮ ಲೈಸೆನ್ಸ್ ಅವಧಿ ಮುಗಿಯೂದಿದ್ರ ಅಲ್ಲಿತನಕ ಅಷ್ಟ. ಗಾಡಿ ಹೊಡಿಯೂ ಎಲ್ಲಾರೂ ತಗೋರಿ, ಒಬ್ಬರಿಗೆ ತಲಿ ಹಿಡದ್ರ ಇನ್ನೊಬ್ಬರು ಕೂಡಬೇಕಲ್ಲ. ಭಾರತ ಕೊಡೂ ಪರ್ಮಿಟ್ 1949ರ ಜಿನೀವಾ ಒಪ್ಪಂದದ್ದು. ಕೆಲವು ದೇಶ 1968ರ ವಿಯೆನ್ನಾ ಒಪ್ಪಂದದ ಪರ್ಮಿಟ್ ಕೇಳ್ತಾವ. ಅದಕ್ಕ ನಿಮ್ಮ ಪರ್ಮಿಟ್ ಫೋಟೋ ಕಳಿಸಿ, ಇದರ ಮ್ಯಾಲ ಎರಡೂ ದೇಶದಾಗ ಗಾಡಿ ವಿಮೆ ನಡೀತದೇನು ಅಂತ ಬಾಡಿಗಿಯವರ ಕಡಿಂದ ಲಿಖಿತ ಉತ್ತರ ತರಸ್ರಿ. ಬಾಯಿಮಾತು ಅಪಘಾತ ಆದ ದಿನ ಉಪಯೋಗಕ್ಕ ಬರೂದಿಲ್ಲ.

ತಾಜಿಕಿಸ್ತಾನದ ಇ-ವೀಸಾ ಹಾಕೂ ಹೊತ್ತಿನ್ಯಾಗ ಜಿಬಿಎಓ ಪರ್ಮಿಟ್ ಸೇರಿಸ್ರಿ. ಗೋರ್ನೋ-ಬದಖ್‌ಶಾನ್ ಪ್ರಾಂತಕ್ಕ ಅದಿಲ್ಲದ ಒಳಗ ಬಿಡೂದಿಲ್ಲ, ತಾಜಿಕಿಸ್ತಾನದ ಪಾಮಿರ್ ಬಹುತೇಕ ಆ ಪ್ರಾಂತದಾಗನ ಅದ. ಜೊರ್ಕುಲ್ ಸರೋವರಕ್ಕ ಮತ್ತ ಬ್ಯಾರೆ ಪರ್ಮಿಟ್ ಬೇಕು, ಮೊದಲ ಸಲಕ್ಕ ಅದನ್ನ ಬಿಡ್ರಿ. ಪಾಸ್‌ಪೋರ್ಟ್, ವೀಸಾ, ಪರ್ಮಿಟ್ ಝೆರಾಕ್ಸ್ ಒಬ್ಬೊಬ್ಬರದು ಹದಿನೈದು ಪ್ರತಿ ಇರಲಿ. ಚೆಕ್‌ಪೋಸ್ಟಿನ್ಯಾಗ ಪ್ರತಿ ಕೊಟ್ರ ಅವರು ಕೈಯಿಂದ ಬರಕೊಳ್ಳೂ ಹೊತ್ತು ಉಳೀತದ. ಖರ್ಗುಶ್ ಹತ್ರ ಸೈನ್ಯದ ಚೆಕ್‌ಪೋಸ್ಟ್ ಅದ, ಅಲ್ಲಿ ಕ್ಯಾಮೆರಾ ಒಳಗಿಡ್ರಿ.

ಗಡಿ ವಿಷಯದಾಗ ಬುಕಿಂಗ್ ಮೊದಲು ಕೇಳಬೇಕಾದ್ದು ಇದು. ಕಿರ್ಗಿಸ್ತಾನ–ತಾಜಿಕಿಸ್ತಾನ ಗಡಿ 2021ರ ಸಂಘರ್ಷದ ನಂತರ ವರ್ಷಗಟ್ಟಲೆ ಬಂದ್ ಇತ್ತು. 2025ರ ಮಾರ್ಚ್‌ದಾಗ ಎರಡೂ ದೇಶ ಗಡಿ ಒಪ್ಪಂದಕ್ಕ ಸಹಿ ಹಾಕ್ಯಾವ. ಕಿಜಿಲ್-ಆರ್ಟ್ ದಾಟಲಿಕ್ಕೆ ಆ ತಿಂಗಳು ವಿದೇಶಿಗಳಿಗೆ ಏನು ನಿಯಮ ಅದ, ಬಾಡಿಗಿ ಗಾಡಿ ಹಾಯಬಹುದೇನು, ಎರಡೂ ಬ್ಯಾರೆ ಬ್ಯಾರೆ ಕೇಳ್ರಿ. ಗಾಡಿ ದಾಟಬೇಕಂದ್ರ ಅದರ ನೋಂದಣಿ ಕಾರ್ಡು, ಅಲ್ಲಿ ತೆಖ್‌ಪಾಸ್‌ಪೋರ್ಟ್ ಅಂತಾರ, ಅಸಲಿ ಪ್ರತಿ ಬೇಕು. ಜೊತಿಗೆ ಮಾಲಕ ನಿಮ್ಮ ಹೆಸರಿಗೆ ನೋಟರಿ ಮಾಡಿಸಿ ಕೊಟ್ಟ ಅಧಿಕಾರ ಪತ್ರ, ದೊವೆರೆನ್ನೊಸ್ತ್. ಅದರಾಗ ಡ್ರೈವರ್ ಎಲ್ಲಾರ ಹೆಸರೂ ಪಾಸ್‌ಪೋರ್ಟಿನ್ಯಾಗ ಇದ್ದಂಗ ಅಕ್ಷರ ತಪ್ಪಿಲ್ಲದ ಇರಬೇಕು. ನಮ್ಮ ಕಡೆ ತಂದಿ ಹೆಸರು, ಅಡ್ಡಹೆಸರು ಹಿಂದ-ಮುಂದ ಆಗ್ತಾವ, ಅದನ್ನ ಕುಂತು ಓದ್ರಿ. ಎರಡು ದೇಶದ ಚೌಕಿ ನಡುವ ಸುಮಾರು 20 ಕಿ.ಮೀ. ಯಾರದೂ ಅಲ್ಲದ ಪಟ್ಟಿ ಅದ, ರಸ್ತೆ ಕೆಟ್ಟದ್ದು. ಒಂದು ಕಡೆ ಮುದ್ರಿ ಬಿದ್ದ ಮ್ಯಾಲ ಇನ್ನೊಂದು ಕಡೆ ಬಿಡದಿದ್ರ ಅಲ್ಲೇ ಸಿಗಬೀಳ್ತೀರಿ. ಗಡಿ ದಾಟಲಿಕ್ಕೆ ಆಗೂದಿಲ್ಲ ಅಂತಾದ್ರ ವಾಖಾನ್ ಹೋಗಿ, ಮುರ್ಗಾಬ್ ಮುಟ್ಟಿ, ಎಂ41 ಮ್ಯಾಲ ಅಲಿಚುರ್, ಕೊಯ್-ತೆಜೆಕ್ ಹಿಡದು ಖೋರೊಗ್‌ಗೆ ತಿರುಗ್ರಿ. ಆ ಸುತ್ತು ಪೂರ್ತಿ ತಾಜಿಕಿಸ್ತಾನದೊಳಗ ಅದ, ದುಶಾಂಬೆದಾಗನ ಗಾಡಿ ಬಿಟ್ರ ಬ್ಯಾರೆ ಊರಾಗ ಬಿಡೂ ಚಾರ್ಜೂ ಉಳೀತದ.

ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೆಂಜರ್ ಇಲ್ಲಿಂದ ಚೀಲದಾಗ ಹಾಕ್ಕೊಂಡು ಹೋಗಬ್ಯಾಡ್ರಿ, ಭಾರತದಾಗ ಅನುಮತಿ ಇಲ್ಲದ ಇಟ್ಟುಕೊಳ್ಳೂದ ಅಪರಾಧ. ನಕಾಶೆ ಆಫ್‌ಲೈನ್ ಇಳಿಸ್ಕೋರಿ. ಪಂಜ್ ದಂಡಿಗೆ ಕೆಲವು ಕಡೆ ಹಳೇ ನೆಲಬಾಂಬ್ ಎಚ್ಚರಿಕೆ ಫಲಕ ಅದಾವ, ರಸ್ತೆ ಬಿಟ್ಟು ನದಿಗೆ ಇಳೀಬ್ಯಾಡ್ರಿ. ಸ್ಟೇರಿಂಗ್ ಎಡಕ್ಕ, ರಸ್ತೆ ಬಲಕ್ಕ ಅನ್ನೂದನ್ನ ಮೊದಲ ದಿನ ಊರ ಹೊರಗ ಖಾಲಿ ರಸ್ತೆದಾಗ ಕಲೀರಿ. ನಮ್ಮ ಕೈ ತಪ್ಪೂದು ತಿರುವಿನ್ಯಾಗ ಮತ್ತ ಪೆಟ್ರೋಲ್ ಹಾಕಿಸ್ಕೊಂಡು ರಸ್ತೆಗೆ ವಾಪಸ್ ಬರೂ ಹೊತ್ತಿನ್ಯಾಗ.

ನವನಗರ (ಬಾಗಲಕೋಟೆ)

ಆರೋಗ್ಯ ಮತ್ತು ಊಟದ ಬಗ್ಗೆ ಬರೆಯುತ್ತೇನೆ, ಎರಡೂ ಒಂದಕ್ಕೊಂದು ಹೊಂದಿಕೊಂಡಿವೆ.

ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಸೂಚನೆ. ಆಗ ಮೇಲೆ ಹೋಗಬಾರದು, ಅಲ್ಲೇ ಉಳಿಯಬೇಕು. ನೆಲದ ಮೇಲೆ ಗೆರೆ ಎಳೆದು ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಹೇಳಿ. ತೂರಾಡಿದರೆ ಮಿದುಳಿಗೆ ಬಾವು ಬಂದಿದೆ ಎಂದೇ ತಿಳಿಯಿರಿ. ಕೂತಲ್ಲೇ ಏದುಸಿರು, ಕೆಮ್ಮು, ಗುಲಾಬಿ ನೊರೆಯ ಕಫ ಕಂಡರೆ ಶ್ವಾಸಕೋಶದಲ್ಲಿ ನೀರು. ಈ ಎರಡರಲ್ಲಿ ಯಾವುದೇ ಆದರೂ ಬೆಳಗಿನವರೆಗೆ ಕಾಯುವಂತಿಲ್ಲ. ಅಸೆಟಾಜೋಲಮೈಡ್ (ಡಯಾಮಾಕ್ಸ್) ತಡೆಗಟ್ಟಲು ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಸಲ್ಫಾ ಅಲರ್ಜಿ, ಮೂತ್ರಪಿಂಡದ ತೊಂದರೆ ಇದ್ದವರು ಸೇರಿ ನಾಲ್ವರೂ ನಿಮ್ಮ ವೈದ್ಯರನ್ನು ಕಂಡೇ ಶುರು ಮಾಡಿ. ಒಂದೆರಡು ದಿನ ಊರಲ್ಲೇ ನುಂಗಿ ನೋಡಿ. ಬೆರಳು ಜುಮುಗುಟ್ಟುವುದು, ಪದೇ ಪದೇ ಮೂತ್ರ ಬರುವುದು ಅದರ ಗುಣ, ಹೆದರಬೇಡಿ. ಮದ್ಯ, ನಿದ್ದೆ ಮಾತ್ರೆ ಎರಡೂ ಬೇಡ, ರಾತ್ರಿ ಉಸಿರಾಟ ನಿಧಾನವಾಗುತ್ತದೆ.

ಊಟ. ಮುರ್ಗಾಬ್ ಕಡೆ ಹೋಮ್‌ಸ್ಟೇಯಲ್ಲಿ ಬ್ರೆಡ್ಡು, ಚಹಾ, ಕೆನೆ, ಮೊಟ್ಟೆ, ಆಲೂಗಡ್ಡೆ ಸಿಗುತ್ತವೆ. ಬಿಸಿ ಬಿಸಿ ತರುವ ಶೋರ್ಪೊ ಮಾಂಸದ ಸಾರು. ಆಲೂಗಡ್ಡೆ ಹುರಿದದ್ದೂ ಕೊಬ್ಬಿನಲ್ಲಿರಬಹುದು. ‘ಬೆಜ್ ಮ್ಯಾಸಾ’ ಅಂದರೆ ರಷ್ಯನ್ ಭಾಷೆಯಲ್ಲಿ ಮಾಂಸವಿಲ್ಲದೆ ಅಂತ, ಆದರೆ ಕೊಬ್ಬಿನ ಬಗ್ಗೆ ಬೇರೆಯೇ ಹೇಳಬೇಕು. ನಮ್ಮ ಖಡಕ್ ರೊಟ್ಟಿ ಇಲ್ಲಿ ನಿಜಕ್ಕೂ ದೊಡ್ಡ ಆಧಾರ. ಚೆನ್ನಾಗಿ ಒಣಗಿದ ಜೋಳದ ಅಥವಾ ಸಜ್ಜೆ ರೊಟ್ಟಿ ಮೂರು ವಾರ ಕೆಡುವುದಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಡಿ, ಇಲ್ಲದಿದ್ದರೆ ಖಡಿ ರಸ್ತೆಯಲ್ಲಿ ಪುಡಿಯಾಗುತ್ತದೆ. ಶೇಂಗಾ, ಗುರೆಳ್ಳು, ಅಗಸಿ ಹಿಂಡಿ ಒಬ್ಬರಿಗೆ ಕಾಲು ಕೆ.ಜಿ. ಸಾಕು. ಒಂದೇ ಎಚ್ಚರ: ಎತ್ತರದಲ್ಲಿ ಮೊದಲ ದಿನಗಳಲ್ಲಿ ಹೊಟ್ಟೆ ಉಬ್ಬರ ಸಾಮಾನ್ಯ, ಬೆಳ್ಳುಳ್ಳಿ ಖಾರ ಕಡಿಮೆ ಇರುವಂತೆ ಮಾಡಿಸಿ.

ತೊಗರಿಬೇಳೆ ಒಯ್ಯಬೇಡಿ. ಮುರ್ಗಾಬ್ ಎತ್ತರದಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದೇ ಇಲ್ಲ, ಗ್ಯಾಸ್ ಮಾತ್ರ ಖಾಲಿಯಾಗುತ್ತದೆ. ಬಿಸಿ ನೀರು ಹಾಕಿ ಮುಚ್ಚಿಟ್ಟರೆ ಆಗುವಂಥದ್ದು ಬೇಕು: ಅವಲಕ್ಕಿ, ಹುರಿದ ಗೋಧಿ ರವೆಯ ಉಪ್ಪಿಟ್ಟಿನ ಮಿಶ್ರಣ, ಹುರಿಗಡಲೆ ಹಿಟ್ಟು, ಬೆಲ್ಲ. ಮೊದಲ ದಿನಗಳಲ್ಲಿ ಹಸಿವೇ ಆಗುವುದಿಲ್ಲ, ಆಗ ಬೆಲ್ಲ-ಶೇಂಗಾ ಉಂಡೆ ಒಳಗಿಳಿಯುವಷ್ಟು ಬೇರೇನೂ ಇಳಿಯುವುದಿಲ್ಲ. ಯಾವ ಆಹಾರ ಒಳಗೆ ಬಿಡುತ್ತಾರೆ ಎಂಬ ಕಸ್ಟಮ್ಸ್ ನಿಯಮ ನೋಡಿಕೊಂಡು, ಪ್ಯಾಕೆಟ್ ಮೇಲೆ ಹೆಸರು ಬರೆದು ಸೀಲ್ ಮಾಡಿ.

ಸ್ಟೌ ಬೇಕೆನಿಸಿದರೆ ಗ್ಯಾಸ್ ಡಬ್ಬಿ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ದುಶಾಂಬೆಯಲ್ಲೇ ಕೊಳ್ಳಿ. ಬರೀ ಬ್ಯೂಟೇನ್ ಡಬ್ಬಿ ಬೇಡ. ಅದು ಕೊರೆಯುವ ಚಳಿಯಲ್ಲಿ ಸರಿಯಾಗಿ ಆವಿಯಾಗುವುದಿಲ್ಲ, ಬೆಳಗಿನ ಚಹಾಕ್ಕೆ ಉರಿ ಹತ್ತುವುದು ಕಷ್ಟ. ಪ್ರೊಪೇನ್, ಐಸೊಬ್ಯೂಟೇನ್ ಬೆರೆತದ್ದೇ ಇರಲಿ. ಹೋಮ್‌ಸ್ಟೇ ಕೋಣೆಯಲ್ಲೋ, ಗಾಡಿಯೊಳಗೋ, ಕಿಟಕಿ ಮುಚ್ಚಿ ಸ್ಟೌ ಹಚ್ಚಬೇಡಿ.

ಖಾನಾಪುರ ರಸ್ತೆ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ದುಶಾಂಬೆಯಿಂದ ಶುರು, ವಾಖಾನ್, ಲಂಗರ್‌ದಾಗ ಎರಡು ರಾತ್ರಿ ಅಂತ ಬದಲಿ ಮಾಡೇವಿ. ದುಶಾಂಬೆಯ ಬಾಡಿಗಿಯವರಿಗೆ ಗಡಿ ಪತ್ರದ್ದೂ, ವಿಮೆದ್ದೂ ಇವತ್ತ ಬರೀತೇವಿ. ಒಂದು ಉಳೀತು, ಅಕ್ಕಾರ: ಇಬ್ಬರಿಗೆ ಬಿಪಿ ಮಾತ್ರೆ ನಡದಾವು, ಡಯಾಮಾಕ್ಸ್ ಜೊತಿ ನಡೀತೈತೇನು?

ನವನಗರ (ಬಾಗಲಕೋಟೆ)

ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸುವಂಥವು, ಅವುಗಳ ಜೊತೆ ಡಯಾಮಾಕ್ಸ್ ಸೇರಿದರೆ ಮೈಯ ನೀರು, ಪೊಟ್ಯಾಸಿಯಂ ಎರಡೂ ಇಳಿಯಬಹುದು. ಮಾತ್ರೆಯ ಪಟ್ಟಿ ಸಮೇತ ವೈದ್ಯರ ಹತ್ತಿರ ಹೋಗಿ, ಹೊರಡುವ ಒಂದು ತಿಂಗಳ ಮೊದಲೇ ಹೋಗಿ, ಬದಲಿ ಮಾಡಬೇಕಾದರೆ ಹೊಸ ಮಾತ್ರೆಗೆ ಮೈ ಒಗ್ಗಲು ಸಮಯ ಬೇಕು. ಎತ್ತರದಲ್ಲಿ ಮೊದಲ ಕೆಲವು ದಿನ ಬಿಪಿ ತಾನೇ ಏರುತ್ತದೆ. ಚಿಕ್ಕ ಬಿಪಿ ಮಷಿನ್ ಜೊತೆಗಿರಲಿ, ಯಾವ ಸಂಖ್ಯೆ ದಾಟಿದರೆ ಏನು ಮಾಡಬೇಕೆಂದು ಅವರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ.